ಬಿಟ್ಟಿಯೂ ಸೇವೆಯೂ

ಮಳೆಗಾಲವು ಹಿಂದೆಗೆದು ಹೊಲಗಳಿಗೆ ಕಾಲಿಡುವ ಹಾಗಾದ ಒಂದು ರವಿವಾರ, ಅಕ್ಕೋಳದಲ್ಲಿ ಆರಾಧನೆ ಮುಗಿದು ಜನರು ಚದರುತ್ತಿರುವಾಗ, ನಮ್ಮ ಸಭೆಯ ಒಬ್ಬ ಸಹೋದರನು ಬಾಗಿಲ ಬಳಿ ಹಿಂದುಳಿದನು. ಅವನ ಹದಿಮೂರು ವರುಷದ ಮಗನು ಶಾಲೆಯ ಸ್ಕೌಟು ದಳವನ್ನು ಸೇರಿದ್ದನು. ದಳದ ಹುಡುಗರು ಎರಡು ದಿನ ವೇದಗಂಗೆಯ ದಡದಲ್ಲಿ ಡೇರೆ ಹಾಕಿಕೊಂಡಿರುವರೆಂದೂ ಮೂರನೆಯ ದಿನ ಬೆಳಿಗ್ಗೆ ಊರಿಗೆ ಬಂದು ಬೀದಿಗಳನ್ನು ಗುಡಿಸಿ ಸ್ವಚ್ಛಮಾಡುವರೆಂದೂ ಬರೆದಿದ್ದ ಚೀಟಿಯು ಮನೆಗೆ ಬಂದಿತ್ತು. ತಂದೆಯು ಅದಕ್ಕೆ ಸಹಿ ಹಾಕಬೇಕಾಗಿತ್ತು. ಹಾಕಿರಲಿಲ್ಲ.

ನದಿಯ ಭಯವೋ ಎಂದು ನಾವು ಕೇಳಿದೆವು. ಅಲ್ಲವೆಂದನು. ಎಲ್ಲರೊಡನೆ ಸೇರಿ ಮಾಡುವ ಪ್ರಾರ್ಥನೆಯ ವಿಷಯದಲ್ಲಿ ಮನಸ್ಸಾಕ್ಷಿಯ ತೊಂದರೆಯೋ ಎಂದು ಕೇಳಿದೆವು. ಅದೂ ಅಲ್ಲ. ಚೀಟಿಯಲ್ಲಿದ್ದ ಗುಡಿಸುವ ಮಾತಿನ ಮೇಲೆ ಬೆರಳಿಟ್ಟು ಸುಮ್ಮನಾದನು. ಆಗ ನಾವು, ಉಪದೇಶಿಗಳಿಗೆ ನಾಲಿಗೆಯ ತುದಿಯಲ್ಲಿಯೇ ಇರುವ ಉತ್ತರವನ್ನು ತೆಗೆದು, ಕರ್ತನು ಶಿಷ್ಯರ ಪಾದಗಳನ್ನು ತೊಳೆದ ಸಂಗತಿಯನ್ನು ಅವನಿಗೆ ನೆನಪಿಗೆ ತಂದೆವು. ಅವನು ಕೇಳಿ ಮುಗಿಸಿ ಹೀಗೆಂದನು: “ಅಯ್ಯನವರೇ, ಸ್ವಾಮಿ ಒಂದು ರಾತ್ರಿ ಕಾಲು ತೊಳದರು. ನಮ್ಮ ಮುತ್ಯಾ ನಾಲ್ವತ್ತು ವರ್ಷ ಊರ ಕಸಾ ಹೊಡದಾ. ಎರಡೂ ಒಂದ ಏನ್ರಿ?”

ನಮ್ಮಲ್ಲಿ ಉತ್ತರವಿರಲಿಲ್ಲ. ಮುಂದಿನ ರವಿವಾರ ಹೇಳುವೆವೆಂದು ಅವನನ್ನು ಕಳುಹಿಸಿದೆವು. ಈ ಲೇಖನವು ಆ ವಾರದ ಯೋಚನೆಯೇ.

ಈ ಪತ್ರಿಕೆಯನ್ನು ಓದುವವರಲ್ಲಿ ಅನೇಕರಿಗೆ ಆ ಮುತ್ಯನು ಯಾರೆಂದು ಬಿಡಿಸಿ ಹೇಳಬೇಕಾಗಿಲ್ಲ. ನಮ್ಮ ಅಜ್ಜ ಮುತ್ತಜ್ಜಂದಿರಲ್ಲಿ ಬಹುಮಂದಿ ಊರ ಚಾಕರಿಯವರಾಗಿದ್ದರು. ಚಾವಡಿಯನ್ನು ಗುಡಿಸುವದು, ಸತ್ತ ದನವನ್ನು ಎಳೆಯುವದು, ಸಾವಿನ ಸುದ್ದಿಯನ್ನು ಊರಿಂದೂರಿಗೆ ಮುಟ್ಟಿಸುವದು, ಸರಕಾರದ ಅಧಿಕಾರಿಯು ಬಂದರೆ ಅವನ ಗಂಟುಮೂಟೆಗಳನ್ನು ಹೊತ್ತು ಮುಂದಿನ ಊರಿಗೆ ಸಾಗಿಸುವದು, ಇವೆಲ್ಲವೂ ಹುಟ್ಟಿನಿಂದ ಬಂದ ಕೆಲಸಗಳು. ಇದಕ್ಕೆ ಪ್ರತಿಯಾಗಿ ತುಂಡು ಭೂಮಿಯ ವತನ, ಸುಗ್ಗಿಯಲ್ಲಿ ಕಣದ ಮೂಲೆಯ ಕಾಳು, ಮನೆಮನೆಯ ಹಳಸಿದ ರೊಟ್ಟಿ. ನಮ್ಮ ಈ ಗಡಿನಾಡಿನಲ್ಲಿ ಕನ್ನಡದವರು ಬಿಟ್ಟಿ ಎಂದರು, ಮರಾಠಿಯವರು ವೇಠಬಿಗಾರ ಎಂದರು. ಬೆನ್ನಿನ ಮೇಲಿನ ಭಾರವು ಒಂದೇ. ಆಗಿನ ಮುಂಬಯಿ ಇಲಾಖೆಯಲ್ಲಿ 1874ರ ವಂಶಪಾರಂಪರ್ಯ ಹುದ್ದೆಗಳ ಕಾಯಿದೆಯು ಈ ಏರ್ಪಾಡಿಗೆ ಸರಕಾರದ ಮುದ್ರೆಯನ್ನೂ ಒತ್ತಿತು. 1925ರ ಏಪ್ರಿಲ್ ತಿಂಗಳಲ್ಲಿ ಡಾ. ಅಂಬೇಡ್ಕರರು ನಮ್ಮ ನಿಪ್ಪಾಣಿಗೆ ಬಂದು ದಲಿತ ವರ್ಗಗಳ ಪರಿಷತ್ತಿನಲ್ಲಿ ಮಾತನಾಡಿದರು. 1928ರಲ್ಲಿ ಆ ಕಾಯಿದೆಯನ್ನು ತಿದ್ದಬೇಕೆಂದು ಮುಂಬಯಿಯ ಶಾಸನ ಸಭೆಯಲ್ಲಿ ಮಸೂದೆಯನ್ನು ತಂದರು. ಅದು ಆಗ ಕೈಗೂಡಲಿಲ್ಲ. 1956ರಲ್ಲಿ ನಮ್ಮ ಜಿಲ್ಲೆಯು ಮೈಸೂರು ರಾಜ್ಯಕ್ಕೆ ಸೇರಿದ ಮೇಲೆ, ಅಲ್ಲಿಯ 1961ರ ಗ್ರಾಮ ಹುದ್ದೆಗಳ ರದ್ದಿಯಾತಿಯ ಕಾನೂನು 1963ರ ಫೆಬ್ರವರಿ 1ರಿಂದ ನಡೆಯಿತು. ಕಾಗದದ ಮೇಲೆ ಬಿಟ್ಟಿಯು ಅಂದಿಗೆ ತೀರಿತು. ಆ ಸಹೋದರನ ಮುತ್ಯನ ಕೈಯಿಂದ ಕಸಬರಿಗೆಯು ಬಿದ್ದದ್ದು ಅದಕ್ಕೂ ಹಲವು ವರುಷಗಳ ನಂತರ, ಅವನು ಹಾಸಿಗೆ ಹಿಡಿದಾಗ.

ಹೀಗಿರುವಲ್ಲಿ ಮೊಮ್ಮಗನ ಮಗನ ಕೈಗೆ ಶಾಲೆಯವರೇ ಕಸಬರಿಗೆಯನ್ನು ಕೊಟ್ಟು ಇದು ಸೇವೆ ಎಂದರೆ ತಂದೆಯ ಮನಸ್ಸು ಬೇಯುವದು ಆಶ್ಚರ್ಯವೇ? ಅವನ ಮಾತಿನಲ್ಲಿ ಇನ್ನೊಂದು ಮುಳ್ಳೂ ಇದ್ದಿತು. ಅವನು ಚಿಕ್ಕವನಾಗಿದ್ದಾಗ ಒಂದು ಶಾಲೆಯಲ್ಲಿ ಮಳೆಯ ನೀರು ನುಗ್ಗಿ ಕೆಸರಾದ ದಿವಸಗಳಲ್ಲಿ ಗುಡಿಸಲು ಕರೆಯುತ್ತಿದ್ದದ್ದು ಕೆಲವೇ ಹುಡುಗರ ಹೆಸರುಗಳನ್ನು. ಆ ಹೆಸರುಗಳು ಯಾವ ಓಣಿಯವೆಂದು ಎಲ್ಲರಿಗೂ ತಿಳಿದಿತ್ತು. ಯಾರೂ ಜಾತಿಯ ಹೆಸರೆತ್ತಲಿಲ್ಲ. ಎತ್ತಬೇಕಾಗಿರಲಿಲ್ಲ.

ಈ ಸ್ಕೌಟು ಪದ್ಧತಿ ಎಂಬದು ಏನು? 1907ರ ಆಗಸ್ಟಿನಲ್ಲಿ ಇಂಗ್ಲೆಂಡಿನ ಬ್ರೌನ್‌ಸೀ ಎಂಬ ಚಿಕ್ಕ ದ್ವೀಪದಲ್ಲಿ ಬೇಡನ್ ಪೊವೆಲ್ ಎಂಬ ಸೇನಾಧಿಕಾರಿಯು ಇಪ್ಪತ್ತರಷ್ಟು ಹುಡುಗರನ್ನು ಕೂಡಿಸಿ ಬಿಡಾರ ಮಾಡಿದನು. ಅವರಲ್ಲಿ ಅರ್ಧದಷ್ಟು ಮಂದಿ ದೊಡ್ಡ ಮನೆತನಗಳ ಶಾಲೆಗಳವರು, ಉಳಿದವರು ದುಡಿಯುವವರ ಮಕ್ಕಳು. ಆ ದೇಶದಲ್ಲಿಯೂ ಆ ಎರಡು ಪಂಗಡಗಳು ಒಂದೇ ಡೇರೆಯಲ್ಲಿ ಮಲಗುವದು ಸಾಮಾನ್ಯವಾಗಿರಲಿಲ್ಲ. ಅವನು ಅವರನ್ನು ಸಣ್ಣ ಗುಂಪುಗಳಾಗಿ ಮಾಡಿ ಪ್ರತಿ ಗುಂಪಿಗೆ ಒಬ್ಬ ನಾಯಕನನ್ನು ನೇಮಿಸಿದನು. ಪೆಟ್ರೋಲ್ ಎಂದು ಕರೆಯುವ ಈ ಗುಂಪೇ ಆ ಪದ್ಧತಿಯ ಬೆನ್ನೆಲುಬು. ನಮ್ಮ ದೇಶದ ಮೊದಲನೆಯ ದಳವು 1909ರಲ್ಲಿ ಬೆಂಗಳೂರಿನ ಬಿಷಪ್ ಕಾಟನ್ ಶಾಲೆಯಲ್ಲಿ ಹುಟ್ಟಿತು. ಆದರೆ ಪ್ರಾರಂಭದ ದಿವಸಗಳಲ್ಲಿ ಅದು ಯೂರೋಪಿಯರ ಮತ್ತು ಆಂಗ್ಲೋ ಇಂಡಿಯನ್ನರ ಮಕ್ಕಳಿಗೆ ಮಾತ್ರ ತೆರೆದ ಬಾಗಿಲು. ಸ್ಕೌಟು ಎಲ್ಲರಿಗೂ ಮಿತ್ರನು, ಇತರ ಸ್ಕೌಟುಗಳಿಗೆ ಸಹೋದರನು ಎಂಬ ಅರ್ಥದ ನಿಯಮವನ್ನು ಇಟ್ಟುಕೊಂಡವರೇ ಈ ನೆಲದ ಹುಡುಗರನ್ನು ಹೊರಗೆ ನಿಲ್ಲಿಸಿದರೆಂಬದನ್ನು ಬರೆಯದೆ ಬಿಡುವದು ಸರಿಯಲ್ಲ. ಆದಕಾರಣವೇ ಮದ್ರಾಸಿನಲ್ಲಿ ಆನಿ ಬೆಸೆಂಟರೂ, ಉತ್ತರದಲ್ಲಿ 1918ರಲ್ಲಿ ಸೇವಾ ಸಮಿತಿಯ ಹೆಸರಿನಿಂದ ಮದನ ಮೋಹನ ಮಾಳವೀಯ, ಹೃದಯನಾಥ ಕುಂಜರು ಮೊದಲಾದವರೂ ಭಾರತೀಯ ಹುಡುಗರಿಗೆ ಬೇರೆ ದಳಗಳನ್ನು ಕಟ್ಟಿದರು. ಕಡೆಗೆ 1950ರ ನವೆಂಬರ್ 7ರಂದು ಬೇರೆ ಬೇರೆ ಸಂಘಗಳು ಕೂಡಿ ಭಾರತ ಸ್ಕೌಟ್ಸ್ ಎಂಬ ಒಂದೇ ಸಂಸ್ಥೆಯಾದವು. ಮರುವರುಷ ಹುಡುಗಿಯರ ಗೈಡುಗಳೂ ಸೇರಿದರು. ಅವರ ಪ್ರತಿಜ್ಞೆಯಲ್ಲಿ ದೇವರ ವಿಷಯವಾದ ಕರ್ತವ್ಯವೂ ದೇಶದ ಕರ್ತವ್ಯವೂ ಪರರ ಸಹಾಯವೂ ಉಂಟು. ದೇವರು ಎಂಬ ಮಾತಿನ ಸ್ಥಾನದಲ್ಲಿ ಧರ್ಮ ಎಂದು ಹೇಳಲು ಇಚ್ಛೆಯುಳ್ಳವರಿಗೆ ಸ್ವಾತಂತ್ರ್ಯವಿದೆ. ಆ ವಿಷಯದಲ್ಲಿ ನಮ್ಮ ಮಕ್ಕಳಿಗೆ ತೊಡಕಿಲ್ಲ.

ಓದಿ ತಿಳಿದದ್ದು ಸಾಲದೆಂದು ನಾವು ದಳದ ಉಪಾಧ್ಯಾಯರ ಅಪ್ಪಣೆ ಪಡೆದು, ಅದೇ ವಾರ ಇನ್ನೊಂದು ಗುಂಪು ಹೊರಸಂಚಾರಕ್ಕೆ ಹೊರಟಾಗ ಜೊತೆಗೆ ಹೋದೆವು. ಅಕ್ಕೋಳದಿಂದ ಸಿದ್ನಾಳದ ಕಡೆಗೆ ಕಬ್ಬಿನ ಹೊಲಗಳ ನಡುವೆ ಹುಡುಗರು ಬೆನ್ನಿಗೆ ಚೀಲ ಹಾಕಿಕೊಂಡು, ಕೈಯಲ್ಲಿ ಕೋಲು ಹಿಡಿದು ನಡೆದರು. ಆ ಎರಡು ಊರುಗಳ ನಡುವಿನ ಸೇತುವೆಯನ್ನು ಮಳೆಗಾಲದ ಪೂರದಲ್ಲಿ ನದಿಯು ಆಗಾಗ್ಗೆ ಮುಳುಗಿಸುವದನ್ನು ಈ ಕಡೆಯವರೆಲ್ಲರೂ ಬಲ್ಲರು. ವೇದಗಂಗೆಯು ಅಲ್ಲಿಂದ ಕೆಳಗೆ ಭೋಜದ ಬಳಿ ದೂಧಗಂಗೆಯನ್ನು ಕೂಡಿ ಕೃಷ್ಣೆಯ ಕಡೆಗೆ ಹೋಗುತ್ತಾಳೆ. ದಡದಲ್ಲಿ ಎತ್ತರವಾದ ಸ್ಥಳವನ್ನು ನೋಡಿ ಬಿಡಾರ ಹೂಡಿದರು. ಒಬ್ಬರನ್ನೊಬ್ಬರು ಕಂಡಾಗ ಎಡಗೈ ಕೊಟ್ಟು ಕೈಕುಲುಕುವದು ಸ್ಕೌಟುಗಳ ಪದ್ಧತಿ. ನಮ್ಮ ಮನೆಗಳಲ್ಲಿ ಎಡಗೈಯಿಂದ ಒಂದು ಲೋಟ ನೀರು ಕೊಟ್ಟರೂ ಅಜ್ಜಿಯರು ಗದರಿಸುವರಷ್ಟೆ. ಮೊದಲನೆಯ ದಿನ ಒಬ್ಬ ಹುಡುಗನು ನಮಗೆ ಎಡಗೈ ಚಾಚಲು ನಾವೂ ಒಂದು ಕ್ಷಣ ತಡೆದೆವೆಂದು ಒಪ್ಪಿಕೊಳ್ಳುತ್ತೇವೆ.

ಡೇರೆಗಳಿಗಿಂತ ಮುಂಚೆ ಅವರು ಮಾಡಿದ್ದು ಗುಂಡಿಗಳನ್ನು. ಒಣ ಕಸಕ್ಕೆ ಒಂದು ಗುಂಡಿ. ಪಾತ್ರೆ ತೊಳೆದ ನೀರಿಗೆ ಇನ್ನೊಂದು. ಅದರ ಬಾಯಿಗೆ ಕಡ್ಡಿಗಳನ್ನು ಅಡ್ಡಡ್ಡಲಾಗಿ ಇಟ್ಟು ಮೇಲೆ ಹುಲ್ಲು ಹರಡುವರು, ಜಿಡ್ಡೂ ಅಗುಳೂ ಹುಲ್ಲಿನಲ್ಲಿ ನಿಂತು ನೀರು ಮಾತ್ರ ಕೆಳಗಿಳಿಯುವದು. ಆ ಹುಲ್ಲನ್ನು ದಿನವೂ ತೆಗೆದು ಸುಟ್ಟು ಹೊಸದನ್ನು ಹಾಸಬೇಕು. ನದಿಯಿಂದ ದೂರವಾಗಿ, ಗಾಳಿಯ ಇಳಿಮುಖದಲ್ಲಿ, ಶೌಚಕ್ಕೆ ಉದ್ದವಾದ ಕಂದಕ. ಅಗೆದ ಮಣ್ಣು ಪಕ್ಕದಲ್ಲಿಯೇ ರಾಶಿ, ಉಪಯೋಗಿಸಿದವನು ತಾನೇ ಮಣ್ಣು ಮುಚ್ಚಿ ಬರಬೇಕು. ಹೊರಡುವ ದಿನ ಎಲ್ಲವನ್ನೂ ಮುಚ್ಚಿ ನೆಲವನ್ನು ಮುಂಚಿನ ಹಾಗೆ ಮಾಡಬೇಕು. ಇವನ್ನು ಮಾಡುವವರು ಯಾರು? ಒಂದು ಹಲಗೆಯ ಮೇಲೆ ಬರೆದಿತ್ತು. ಈ ಹೊತ್ತು ಈ ಗುಂಪಿಗೆ ಅಡಿಗೆ, ಆ ಗುಂಪಿಗೆ ನೀರು, ಇನ್ನೊಂದಕ್ಕೆ ಕಂದಕ ಮತ್ತು ಕಸ, ನಾಳೆ ಬೇರೆ. ಊರ ಪ್ರಮುಖನೊಬ್ಬನ ಮಗನಿಗೆ ಮೊದಲನೆಯ ದಿನವೇ ಕಂದಕವು ಬಂದಿತ್ತು. ಅವನು ಮೂಗು ಮುರಿದನು, ಸಲಿಕೆಯನ್ನು ಹಿಡಿಯಲು ಬರಲಿಲ್ಲ, ಅಂಗೈಯಲ್ಲಿ ಬೊಕ್ಕೆಯೆದ್ದಿತು. ನಮ್ಮ ಓಣಿಯ ಒಬ್ಬ ಹುಡುಗನು ಹೇಳಿಕೊಟ್ಟನು. ಆ ಹುಡುಗನ ಕೈಯಲ್ಲಿ ಆ ಹೊತ್ತು ಇದ್ದದ್ದು ಅನ್ನದ ಸೌಟು. ಅವನು ಬಡಿಸಿದ್ದನ್ನು ಎಲ್ಲರೂ ಉಂಡರು.

ಇದನ್ನು ಕಂಡು ನಮಗೆ ಸಂತೋಷವಾಯಿತೆಂಬದು ನಿಜ. ಆದರೆ ಸಂತೋಷವು ಉತ್ತರವಲ್ಲ.

ಬಿಟ್ಟಿಗೂ ಸೇವೆಗೂ ಇರುವ ಭೇದವು ಎಲ್ಲಿದೆ? ಕೆಲಸದಲ್ಲಿ ಇಲ್ಲ, ಕಸವು ಎರಡರಲ್ಲಿಯೂ ಒಂದೇ. ಮನಸ್ಸಿನಲ್ಲಿದೆ, ಸಂತೋಷದಿಂದ ಮಾಡಿದರೆ ಸೇವೆ, ದುಃಖದಿಂದ ಮಾಡಿದರೆ ಬಿಟ್ಟಿ ಎಂದು ಹಲವರು ಬೋಧಿಸುತ್ತಾರೆ, ನಾವೂ ಬೋಧಿಸಿದ್ದೇವೆ. ಈಗ ಅದು ನಮಗೆ ಸಾಲದೆಂದು ತೋರುತ್ತದೆ. ಹೇಗಂದರೆ, ಆ ಮುತ್ಯನು ತನ್ನ ಕೆಲಸವನ್ನು ಗೊಣಗುತ್ತಾ ಮಾಡಿದವನಲ್ಲವಂತೆ. ಅವನು ಗುಡಿಸಿದ ಚಾವಡಿಯಲ್ಲಿ ಒಂದು ಕಡ್ಡಿಯೂ ಉಳಿಯುತ್ತಿರಲಿಲ್ಲವೆಂದು ಊರವರು ಇಂದಿಗೂ ಹೇಳುತ್ತಾರೆ. ಅದರಲ್ಲಿ ಅವನಿಗೆ ಹೆಮ್ಮೆಯೂ ಇದ್ದಿತು. ಮನಸ್ಸು ಸಂತೋಷವಾಗಿದ್ದದರಿಂದ ಅವನ ಬಿಟ್ಟಿಯು ಸೇವೆಯಾಯಿತೋ? ಹಾಗೆಂದರೆ ದಾಸನನ್ನು ನಗಿಸುವ ಧಣಿಯು ದಾಸ್ಯವನ್ನೇ ಪರಿಹರಿಸಿದನೆಂದು ಹೇಳಬೇಕಾಗುವದು. ಮುತ್ಯನಿಗೆ ಇಲ್ಲದಿದ್ದದ್ದು ಬೇರೆ. ಒಂದು ದಿನ ನಾನು ಬರುವದಿಲ್ಲ ಎನ್ನಲು ಅವನಿಗೆ ಅಧಿಕಾರವಿರಲಿಲ್ಲ. ಅವನು ಗುಡಿಸಿದ ನೆಲದ ಮೇಲೆ ಕೂತವರಲ್ಲಿ ಯಾರೂ ಅವನ ಅಂಗಳಕ್ಕೆ ಕಸಬರಿಗೆಯನ್ನು ತೆಗೆದುಕೊಂಡು ಬರುವ ದಿನವು ಇರಲಿಲ್ಲ. ಹಾಗೆ ಬರಬಹುದೆಂಬ ಯೋಚನೆಯೇ ಯಾರಿಗೂ ಹುಟ್ಟಿರಲಿಲ್ಲ.

ಈ ಬೆಳಕಿನಲ್ಲಿ ಯೋಹಾನನ ಸುವಾರ್ತೆಯ 13ನೆಯ ಅಧ್ಯಾಯವನ್ನು ನಾವು ತಿರಿಗಿ ಓದಿದೆವು. ಮನೆಗೆ ಬಂದವರ ಕಾಲು ತೊಳೆಯುವದು ಆ ಕಾಲದಲ್ಲಿ ದಾಸನ ಕೆಲಸ. ಅಲ್ಲಿ ನಿಜವಾದ ದಾಸನು ಒಬ್ಬನಿದ್ದಿದ್ದರೆ ಕರ್ತನು ಅವನನ್ನು ಕರೆದು, ನೀನು ಇನ್ನೂ ಚೆನ್ನಾಗಿ ತೊಳೆ, ನಿನಗೆ ಪರಲೋಕದಲ್ಲಿ ಫಲವುಂಟು ಎಂದು ಹೇಳುತ್ತಿದ್ದನೋ? ಅವನು ಹಾಗೆ ಮಾಡಲಿಲ್ಲ. ತಾನೇ ಮೇಲ್ಹೊದಿಕೆಯನ್ನು ತೆಗೆದಿಟ್ಟು ಎದ್ದನು. ಬೇಡವೆಂದ ಪೇತ್ರನ ಮಾತಿಗೆ ಕಿವಿಗೊಟ್ಟು ಉತ್ತರ ಕೊಟ್ಟನು. ತೊಳೆದು ಮುಗಿಸಿದ ಮೇಲೆ, ನೀವು ಹೋಗಿ ನಿಮಗಿಂತ ದೊಡ್ಡವರ ಕಾಲು ತೊಳೆಯಿರಿ ಎನ್ನಲಿಲ್ಲ. ಅವರವರಲ್ಲಿ ಒಬ್ಬರ ಕಾಲನ್ನು ಒಬ್ಬರು ತೊಳೆಯುವ ಹಂಗನ್ನು ಅವರ ಮೇಲಿಟ್ಟನು. ಎಷ್ಟೋ ಸಾರಿ ಈ ಭಾಗವನ್ನು ಓದಿಯೂ ಈ ಪರಸ್ಪರವೆಂಬದರ ಮೇಲೆ ನಮ್ಮ ಕಣ್ಣು ನಿಂತಿರಲಿಲ್ಲ. ನಮ್ಮ ಸಹೋದರನ ಪ್ರಶ್ನೆಯೇ ಅದನ್ನು ತೋರಿಸಿತು. ಕಾಲು ತೊಳೆಯುವ ಪಾಠವನ್ನು ಯಾವಾಗಲೂ ತೊಳೆಯುವವರಿಗೇ ಹೇಳುತ್ತಾ ಬಂದಿದ್ದೇವೆ; ಅದು ಮೊದಲು ತೊಳೆಸಿಕೊಳ್ಳುವವರ ಪಾಠ.

1901ರಲ್ಲಿ ಕಲಕತ್ತೆಯಲ್ಲಿ ಕಾಂಗ್ರೆಸ್ಸು ಕೂಡಿದಾಗ ಪಾಯಖಾನೆಗಳ ಹೊಲಸನ್ನು ಗಾಂಧಿಯವರು ಸ್ವಯಂಸೇವಕರಿಗೆ ತೋರಿಸಿದರಂತೆ. ಅದು ನಮ್ಮ ಕೆಲಸವಲ್ಲ, ಜಾಡಮಾಲಿಯದು ಎಂದು ಅವರು ಉತ್ತರ ಕೊಟ್ಟರು. ಗಾಂಧಿಯವರು ಕಸಬರಿಗೆಯನ್ನು ಕೇಳಿ ತಾವೇ ತೊಳೆದರು. ತಮ್ಮ ಆತ್ಮಚರಿತ್ರೆಯಲ್ಲಿ ಅವರೇ ಇದನ್ನು ಬರೆದಿದ್ದಾರೆ. 1924ರಲ್ಲಿ ಅದೇ ಕಾಂಗ್ರೆಸ್ಸಿಗೆ ನಮ್ಮ ಬೆಳಗಾವಿಯಲ್ಲಿ ಅವರು ಅಧ್ಯಕ್ಷರಾದರು. ದೇಶಸೇವೆಗೆಂದು ಬಂದ ತರುಣರಿಗೂ ಸೇವೆಯು ಒಂದು ಗೆರೆಯವರೆಗೆ ಮಾತ್ರ ಕಂಡಿತ್ತೆಂಬದನ್ನು ನೋಡಿರಿ. ಆ ಗೆರೆಯು ಇನ್ನೂ ಅಳಿದಿಲ್ಲ. ಮಲಹೊರುವ ಕೆಲಸವನ್ನು ನಿಷೇಧಿಸಿ 1993ರಲ್ಲಿ ಒಂದು ಕಾನೂನು, 2013ರಲ್ಲಿ ಇನ್ನೊಂದು ಬಂದರೂ ಪಟ್ಟಣಗಳ ಚರಂಡಿಗುಂಡಿಗಳಲ್ಲಿ ಇಳಿದು ಸಾಯುವವರು ಯಾರ ಮಕ್ಕಳೆಂದು ಪತ್ರಿಕೆ ಓದುವವರು ಬಲ್ಲರು.

ಇಲ್ಲಿ ಒಂದು ಆಕ್ಷೇಪಣೆಯನ್ನು ಮರೆಮಾಡಲಾರೆವು. ಬಿಡಾರದ ಹಲಗೆಯು ಮೂರನೆಯ ದಿನ ಒರಸಿ ಹೋಗುವದು. ಪ್ರಮುಖನ ಮಗನು ದೊಡ್ಡ ಮನೆಗೆ, ನಮ್ಮ ಹುಡುಗನು ಓಣಿಗೆ. ಹಾಗಾದರೆ ಅದು ಎರಡು ದಿನದ ಆಟದ ಸಮಾನತೆಯಲ್ಲವೇ? ಅಹುದು, ಬಹುಪಾಲು ಅದು ಆಟವೇ. ಅಲ್ಲದೆ ಸ್ಕೌಟು ಹುಡುಗನು ದಿನಕ್ಕೊಂದು ಸತ್ಕಾರ್ಯವನ್ನು ಮಾಡಿ ಪುಸ್ತಕದಲ್ಲಿ ಬರೆಯಬೇಕು. ಮೆಟ್ಟಲು ಮೆಟ್ಟಲಾಗಿ ಪದಕಗಳುಂಟು. ರೈಲ್ವೆಯಲ್ಲಿ ಸ್ಕೌಟುಗಳಿಗೆಂದು ತೆಗೆದಿಟ್ಟ ಕೆಲಸಗಳೂ ಉಂಟು. ಪದಕಕ್ಕಾಗಿ ಗುಡಿಸುವವನನ್ನು ಏನೆನ್ನಬೇಕು? ಈ ವಿಷಯದಲ್ಲಿ ನಾವು ಹೆಚ್ಚು ಕಠಿಣರಾಗಲಾರೆವು. ಬರಗಾಲದಲ್ಲಿ ಮಿಶನ್ನಿನ ಗಂಜಿಗಾಗಿ ಮತಕ್ಕೆ ಬಂದವರೆಂದು ನಮ್ಮ ಹಿರಿಯರನ್ನೇ ಜನರು ಹಾಸ್ಯಮಾಡಿದರಲ್ಲವೇ? ಗಂಜಿಗಾಗಿ ಬಂದವರಲ್ಲಿ ಕೆಲವರು ಗಂಜಿ ನಿಂತ ಮೇಲೆಯೂ ನಿಂತರು. ಯಾವ ಕಾರಣದಿಂದ ಕೈ ಮೊದಲು ಕೆಲಸಕ್ಕೆ ಹೋಯಿತೆಂಬದರಿಂದಲೇ ಅದರ ಕಡೆಯನ್ನು ತೀರ್ಮಾನಿಸಬಾರದೆಂಬದನ್ನು ನಮ್ಮ ಸ್ವಂತ ಚರಿತ್ರೆಯೇ ಕಲಿಸುತ್ತದೆ. ಆಟದ ವಿಷಯವಾಗಿಯೂ ಇಷ್ಟು ಹೇಳಬಹುದು: ಅಂಗೈಯಲ್ಲಿ ಬೊಕ್ಕೆಯೆದ್ದ ಹುಡುಗನು ಇನ್ನು ಮುಂದೆ ಕಂದಕ ತೋಡುವದು ಸುಲಭವೆಂದು ಹೇಳಲಾರನು. ಇದಕ್ಕಿಂತ ಹೆಚ್ಚಿನದನ್ನು ನಾವು ಬಿಡಾರದಿಂದ ಕೇಳುವದಿಲ್ಲ.

ಮುಂದಿನ ರವಿವಾರ ಸಹೋದರನಿಗೆ ನಾವು ಹೇಳಿದ್ದು ಇಷ್ಟೇ. ಎರಡೂ ಒಂದಲ್ಲ. ನಿನ್ನ ಮುತ್ಯನದು ಬಿಟ್ಟಿ. ಅದನ್ನು ಸೇವೆಯೆಂದು ಕರೆದು ಸಿಹಿಮಾಡುವ ಹಕ್ಕು ನಮಗಿಲ್ಲ. ನಿನ್ನ ಮಗನದು ಏನಾಗುವದೆಂಬದು ಹಲಗೆಯ ಮೇಲಿದೆ. ಮೂರನೆಯ ದಿನ ಬೀದಿ ಗುಡಿಸುವಾಗ ಎಲ್ಲ ಓಣಿಗಳ ಹುಡುಗರ ಹೆಸರೂ ಇದ್ದರೆ, ಮತ್ತು ನಮ್ಮ ಓಣಿಯನ್ನೂ ಅವರು ಗುಡಿಸುವರಾದರೆ, ಸಹಿ ಹಾಕು. ನಮ್ಮ ಹುಡುಗರಿಗೆ ಕಸಬರಿಗೆ, ಉಳಿದವರಿಗೆ ನಿಶಾನೆ ಎಂದಾದರೆ ಹಾಕಬೇಡ. ಕೇಳಿದರೆ ನಮ್ಮ ಹೆಸರು ಹೇಳು.

ಅವನು ಹೋಗಿ ವಿಚಾರಿಸಿದನು. ಚೀಟಿಗೆ ಸಹಿ ಬಿದ್ದಿತು. ಮೂರನೆಯ ದಿನ ಬೆಳಿಗ್ಗೆ ನಮ್ಮ ಓಣಿಯ ಮುದುಕಿಯರು, ಕಂಡರಿಯದ ಮನೆತನಗಳ ಹುಡುಗರು ತಮ್ಮ ಬಾಗಿಲ ಮುಂದೆ ಬಗ್ಗಿ ಗುಡಿಸುವದನ್ನು ನೋಡಲಾರದೆ ಒಳಗೆ ಹೋದರು. ಒಬ್ಬಳಂತೂ ಹುಡುಗನ ಕೈಯಿಂದ ಕಸಬರಿಗೆಯನ್ನು ಕಸಿದುಕೊಂಡಳು. ತೊಳೆಸಿಕೊಳ್ಳುವದು ಪೇತ್ರನಿಗೆ ಎಷ್ಟು ಕಷ್ಟವಾಯಿತೆಂಬದು ನಮಗೆ ಅಂದು ಅರ್ಥವಾಯಿತು.

ಇಲ್ಲಿಗೆ ಲೇಖನವನ್ನು ನಿಲ್ಲಿಸಬೇಕೆಂದಿದ್ದೆವು. ಆದರೆ ಆ ಹುಡುಗನು ಬಿಡಾರದಿಂದ ಬಂದ ವಾರದಲ್ಲಿ ನಮ್ಮ ಬಳಿಗೆ ಬಂದು, ತನ್ನ ತಂದೆಯ ಹಾಗೆಯೇ ಒಂದು ಪ್ರಶ್ನೆಯನ್ನು ಕೇಳಿದನು. “ಅಯ್ಯನವರೇ, ನಮ್ಮ ದೇವಾಲಯದ ಕಸಾ ಯಾರು ಹೊಡೀತಾರ್ರಿ?”

ಯಾರೆಂದು ಅವನಿಗೂ ತಿಳಿದಿತ್ತು, ನಮಗೂ ತಿಳಿದಿತ್ತು. ಸಭೆಯ ಒಬ್ಬ ವಿಧವೆಯು ಇಪ್ಪತ್ತು ವರುಷಗಳಿಂದ ಪ್ರತಿ ಶನಿವಾರ ಸಾಯಂಕಾಲ ಬಂದು ಗುಡಿಸಿ, ಚಾಪೆಗಳನ್ನು ಝಾಡಿಸಿ, ನೀರಿಟ್ಟು ಹೋಗುತ್ತಾಳೆ. ಯಾರೂ ಅವಳನ್ನು ನೇಮಿಸಲಿಲ್ಲ. ಯಾರೂ ಅವಳಿಗೆ ಏನೂ ಕೊಡಲಿಲ್ಲ. ಬಾರದಿದ್ದ ಒಂದು ಶನಿವಾರ, ಮೈಯಲ್ಲಿ ಸ್ವಸ್ಥವಿಲ್ಲವೋ ಎಂದು ಕೇಳುವದಕ್ಕಿಂತ ಮುಂಚೆ ಯಾಕೆ ಬರಲಿಲ್ಲವೆಂದು ಕೇಳಿದವರು ನಾವೇ. ಅವಳು ಗುಡಿಸಿದ ನೆಲದ ಮೇಲೆ ನಿಂತು ಪಾದ ತೊಳೆಯುವ ಪ್ರಸಂಗವನ್ನು ಎಷ್ಟು ವರುಷ ಮಾಡಿದ್ದೇವೆಂದು ಲೆಕ್ಕ ಹಾಕಲು ಧೈರ್ಯವಾಗಲಿಲ್ಲ.

ಹುಡುಗನು ತನ್ನ ಪುಸ್ತಕದ ಒಂದು ಹಾಳೆಯನ್ನು ಹರಿದು ಗೆರೆ ಎಳೆದನು. ಶನಿವಾರಗಳನ್ನು ಒಂದು ಸಾಲಿನಲ್ಲಿ ಬರೆದನು. ಹೆಸರುಗಳನ್ನು ನಾವು ಹೇಳಿದೆವು. ಸಭೆಯ ಹಿರಿಯರ ಹೆಸರುಗಳು ಬಂದವು, ಖಜಾಂಚಿಯ ಹೆಸರು ಬಂದಿತು. ಇಬ್ಬರು ಹಿರಿಯರು ತಮಗೆ ಸೊಂಟನೋವೆಂದು ಹೇಳಿಕಳುಹಿಸಿದ್ದಾರೆ. ಅದರಲ್ಲಿ ಒಬ್ಬರದು ನಿಜ. ಮೊದಲನೆಯ ಶನಿವಾರವನ್ನು ನಾವು ಇಟ್ಟುಕೊಂಡೆವು.

ಆ ಸಾಯಂಕಾಲ ತಾಯಿಯು ಎಂದಿನಂತೆ ಬಂದಳು. ನಮ್ಮ ಕೈಯಲ್ಲಿ ಕಸಬರಿಗೆಯನ್ನು ಕಂಡು ಬಾಗಿಲಲ್ಲಿಯೇ ನಿಂತಳು. ಕೂತುಕೊಳ್ಳಿರೆಂದೆವು, ಕೂರಲಿಲ್ಲ. ಬಹಳ ಹೊತ್ತು ಕಂಬಕ್ಕೆ ಒರಗಿ ನೋಡುತ್ತಾ ಇದ್ದು, ಕಡೆಗೆ ತಡೆಯಲಾರದೆ ಹೇಳಿದಳು: “ಅಯ್ಯನವರೇ, ಆ ಮೂಲಿ ಹಂಗ ಉಳೀತ್ರಿ.”